ಮೊಂಮೊರಾನ್ಸಿ ಮನೆತನ ಯಾರ ಕಡೆ ಇತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ಧರ್ಮಯುದ್ಧಗಳ ಬಗ್ಗೆ ಓದೋಕೆ ಕೂತವರು ಈ ಹೆಸರಿನ ಹತ್ತಿರ ಬಂದು ಒಮ್ಮೆ ಖಂಡಿತ ಎಡವುತ್ತಾರೆ. ಮೊಂಮೊರಾನ್ಸಿ ಒಂದು ಅಧ್ಯಾಯದಲ್ಲಿ ಕ್ಯಾಥೊಲಿಕ್ ಸೇನೆಯ ಮುಂದಾಳು. ಮುಂದಿನ ಅಧ್ಯಾಯದಲ್ಲಿ ಹ್ಯೂಗೆನಾಟರ ಗೆಳೆಯ. ಅದರ ಮುಂದೆ ನೋಡಿದರೆ ಅದೇ ಹ್ಯೂಗೆನಾಟರ ಊರಿಗೆ ಮುತ್ತಿಗೆ ಹಾಕಿ ಕೂತಿದ್ದಾನೆ. ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಒಟ್ಟು ಮಾಡಿ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಕೆಲವು ಉತ್ತರ ಉದ್ದ ಇವೆ, ವಿಷಯವೇ ಹಾಗಿದೆ.

ಹ್ಯೂಗೆನಾಟರು ಅಂದರೆ ಯಾರು? ಜಗಳ ಯಾವಾಗಿನದು?

ಫ್ರಾನ್ಸಿನ ಪ್ರಾಟೆಸ್ಟೆಂಟರು, ಮುಖ್ಯವಾಗಿ ಧರ್ಮಸುಧಾರಕ ಕ್ಯಾಲ್ವಿನ್ ಹೇಳಿದ ದಾರಿ ಹಿಡಿದವರು. 1562ರಿಂದ 1598ರವರೆಗೆ ಅವರಿಗೂ ಕ್ಯಾಥೊಲಿಕರಿಗೂ ಎಂಟು ಯುದ್ಧಗಳು ನಡೆದವು. ನಡುನಡುವೆ ಶಾಂತಿ ಒಪ್ಪಂದಗಳು ಆದವು, ಮುರಿದುಬಿದ್ದವು. ಹ್ಯೂಗೆನಾಟರಿಗೆ ಆರಾಧನೆಯ ಹಕ್ಕು ಕೊಟ್ಟ 1598ರ ನಾಂತ್ ಶಾಸನ ಈ ಸರಣಿಗೆ ತೆರೆ ಎಳೆಯಿತು. ಆಮೇಲೆ 1620ರ ದಶಕದಲ್ಲಿ ಇನ್ನೊಂದು ಸುತ್ತು ನಡೆಯಿತು, ಅದು ಕೊನೆಗೆ ಬರುತ್ತದೆ.

ಮೊಂಮೊರಾನ್ಸಿಗಳು ಎಂಥ ಮನೆತನ?

ಪ್ಯಾರಿಸ್‌ನ ಉತ್ತರಕ್ಕಿರುವ ಮೊಂಮೊರಾನ್ಸಿ ಊರಿನ ಹಳೇ ಒಡೆಯರು. ಫ್ರಾನ್ಸಿನ ಮೊದಲ ಕ್ರೈಸ್ತ ಬ್ಯಾರನ್‌ಗಳು ನಾವೇ ಅಂತ ಹೇಳಿಕೊಳ್ಳುತ್ತಿದ್ದವರು. ಅವರ ಯುದ್ಧಘೋಷದಲ್ಲೇ ಆ ಮಾತು ಇತ್ತು. ಅದು ನಿಜವೋ ಸುಳ್ಳೋ ಬೇರೆ ಮಾತು, ಮನೆಯವರಂತೂ ಅದನ್ನು ಗಟ್ಟಿಯಾಗಿ ನಂಬಿದ್ದರು. ಇಂಥ ಬಿರುದು ಹೊತ್ತ ಮನೆಯವರು ಪ್ರಾಟೆಸ್ಟೆಂಟ್ ಆಗೋದು ಸುಲಭದ ಮಾತಲ್ಲ.

ಮನೆತನವನ್ನು ದೊಡ್ಡ ಎತ್ತರಕ್ಕೆ ಒಯ್ದವನು ಆನ್ ದ ಮೊಂಮೊರಾನ್ಸಿ. 1493ರಲ್ಲಿ ಶಾಂತಿಯಿಯಲ್ಲಿ ಹುಟ್ಟಿದ. 1522ರಲ್ಲಿ ಮಾರ್ಷಲ್, 1538ರಲ್ಲಿ ಫ್ರಾನ್ಸಿನ ಕಾನ್‌ಸ್ಟೇಬಲ್, 1551ರಲ್ಲಿ ಡ್ಯೂಕ್. ನಡುವೆ 1541ರಲ್ಲಿ ರಾಜ ಮೊದಲನೇ ಫ್ರಾನ್ಸಿಸ್‌ನ ಅವಕೃಪೆಗೆ ಬಿದ್ದು ಮನೆಯಲ್ಲಿ ಕೂತ. 1547ರಲ್ಲಿ ಎರಡನೇ ಹೆನ್ರಿ ಪಟ್ಟಕ್ಕೆ ಬಂದ ಕೂಡಲೇ ವಾಪಸ್ ಕರೆಸಿಕೊಂಡ.

ಆನ್ ಹೆಣ್ಣಿನ ಹೆಸರಲ್ವಾ? ಕಾನ್‌ಸ್ಟೇಬಲ್ ಅಂದರೆ ಪೊಲೀಸಾ?

ಗಂಡಸೇ. ರಾಣಿ ಆನ್ ಆಫ್ ಬ್ರಿಟನಿ ಅವನ ಧರ್ಮಮಾತೆ, ಅವಳ ಹೆಸರನ್ನೇ ಇಟ್ಟರು. ಇನ್ನು ಕಾನ್‌ಸ್ಟೇಬಲ್ ಅಂದರೆ ನಮ್ಮ ಠಾಣೆಯ ಪೇದೆ ಅಲ್ಲ, ರಾಜನ ಕೆಳಗೆ ಇಡೀ ಸೇನೆಗೆ ಮುಖ್ಯಸ್ಥ. ಅದಕ್ಕಿಂತ ದೊಡ್ಡ ಸೈನಿಕ ಹುದ್ದೆ ಇರಲಿಲ್ಲ.

ಅಷ್ಟು ದೊಡ್ಡ ಸೇನಾಪತಿಯಾದರೂ ಯುದ್ಧದಲ್ಲಿ ಅವನ ಅದೃಷ್ಟ ಅಷ್ಟಕ್ಕಷ್ಟೆ. 1525ರಲ್ಲಿ ಪಾವಿಯಾದಲ್ಲಿ ಸೆರೆ ಸಿಕ್ಕ, 1557ರಲ್ಲಿ ಸೇಂಟ್ ಕ್ವೆಂಟಿನ್‌ನಲ್ಲಿ ಸೆರೆ ಸಿಕ್ಕ, 1562ರಲ್ಲಿ ದ್ರೂನಲ್ಲಿ ಮತ್ತೆ ಸೆರೆ ಸಿಕ್ಕ. ಆದರೂ ಹುದ್ದೆ ಹೋಗಲಿಲ್ಲ ನೋಡಿ.

ಕೊಲಿನ್ಯಿಗೂ ಈ ಮನೆಗೂ ಏನು ಸಂಬಂಧ?

ಸೋದರಮಾವ, ಸೋದರಳಿಯ. ಇದನ್ನು ಹಿಡಿದುಕೊಳ್ಳದೆ ಮುಂದೆ ಹೋದರೆ ಏನೂ ಅರ್ಥವಾಗಲ್ಲ.

ಆನ್‌ನ ತಂಗಿ ಲೂಯಿಸ್ ಎರಡನೇ ಮದುವೆಯಾಗಿದ್ದು ಶಾತಿಯೋನ್ ಒಡೆಯ ಕೊಲಿನ್ಯಿಯನ್ನು. ಅವನು 1522ರಲ್ಲೇ ತೀರಿಕೊಂಡ. ಮೂವರು ಗಂಡು ಮಕ್ಕಳಿಗೆ ದಾರಿ ಮಾಡಿಕೊಟ್ಟವನು ಸೋದರಮಾವ. ದೊಡ್ಡವನು ಓದೆ 1533ರಲ್ಲಿ, ಹದಿನಾರರ ಹುಡುಗನಾಗಿದ್ದಾಗಲೇ, ಕಾರ್ಡಿನಲ್ ಆದ, ಅಂದರೆ ಪೋಪ್‌ನ ಕೆಳಗಿನ ದೊಡ್ಡ ಧರ್ಮಾಧಿಕಾರಿ. ಎರಡನೆಯವನು ಗಾಸ್ಪಾರ್, ಇತಿಹಾಸದಲ್ಲಿ ಅಡ್ಮಿರಲ್ ಕೊಲಿನ್ಯಿ ಅಂತ ಹೆಸರಾದವನು ಇವನೇ, 1552ರಲ್ಲಿ ಅಡ್ಮಿರಲ್ ಹುದ್ದೆ ಸಿಕ್ಕಿತು. ಮೂರನೆಯವನು ಫ್ರಾನ್ಸ್ವಾ ದಾಂದ್ಲೊ, ಕಾಲಾಳು ಸೇನೆಯ ಮುಖ್ಯಸ್ಥ.

ಮಾವನ ಕೃಪೆಯಲ್ಲಿ ಮೇಲೆ ಬಂದ ಈ ಮೂವರೂ ಒಬ್ಬೊಬ್ಬರಾಗಿ ಹೊಸ ಧರ್ಮಕ್ಕೆ ಹೋದರು. ಮೊದಲು ಹೋದವನು ದಾಂದ್ಲೊ. 1558ರಲ್ಲಿ ಎರಡನೇ ಹೆನ್ರಿ ಅವನನ್ನು ಕರೆದು ಬಲಿಪೂಜೆ, ಅಂದರೆ ಕ್ಯಾಥೊಲಿಕರ ಮಾಸ್ ಆರಾಧನೆ, ಬಗ್ಗೆ ಕೇಳಿದಾಗ ಅವನು ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟ. ರಾಜ ಸೆರೆಮನೆಗೆ ಹಾಕಿದ. ಮಾವ ನಡುವೆ ಬಂದು, ಹೇಗೋ ಒಪ್ಪಿಸಿ, ಒಂದು ಬಲಿಪೂಜೆಗೆ ಹಾಜರಾಗುವಂತೆ ಮಾಡಿ ಬಿಡಿಸಿದ. ಇದಕ್ಕೆ ಕ್ಯಾಲ್ವಿನ್‌ನಿಂದ ದಾಂದ್ಲೊಗೆ ಬೈಗುಳದ ಪತ್ರ ಬಂತು. ಗಾಸ್ಪಾರ್ ಮನಸ್ಸು ತಿರುಗಿದ್ದು ಸೇಂಟ್ ಕ್ವೆಂಟಿನ್ ಸೋಲಿನ ನಂತರ ಸ್ಪೇನಿನವರ ಸೆರೆಯಲ್ಲಿದ್ದಾಗ. ಅವನು ಊರೊಳಗೆ ಸಿಕ್ಕಿಬಿದ್ದಿದ್ದ, ಅವನನ್ನು ಬಿಡಿಸೋಕೆ ಹೋಗಿಯೇ ಮಾವನೂ ಸೆರೆ ಸಿಕ್ಕಿದ್ದು.

ಓದೆಯದು ಎಲ್ಲಕ್ಕಿಂತ ಸ್ವಾರಸ್ಯ. ಕಾರ್ಡಿನಲ್ ಆಗಿದ್ದುಕೊಂಡೇ ಪ್ರಾಟೆಸ್ಟೆಂಟ್ ಆದ. 1563ರಲ್ಲಿ ಪೋಪ್ ಧರ್ಮದಿಂದ ಹೊರಗೆ ಹಾಕಿದ. 1564ರಲ್ಲಿ ಮದುವೆಯಾದ, ಅದೂ ಕಾರ್ಡಿನಲ್‌ನ ಕೆಂಪು ನಿಲುವಂಗಿ ತೊಟ್ಟು!

ಗೀಜ್‌ಗಳ ಮೇಲೆ ಇವರಿಗೇಕೆ ಅಷ್ಟು ಸಿಟ್ಟು?

ಗೀಜ್ ಮನೆತನ ಲೊರೇನ್‌ನಿಂದ ಬಂದದ್ದು. ಹಳೇ ಫ್ರೆಂಚ್ ಮನೆತನಗಳ ಕಣ್ಣಿಗೆ ಅವರು ಹೊರಗಿನವರು. ಆದರೆ ಗಟ್ಟಿಗರು. 1558ರ ಜನವರಿಯಲ್ಲಿ ಡ್ಯೂಕ್ ಫ್ರಾನ್ಸ್ವಾ ದ ಗೀಜ್ ಇಂಗ್ಲಿಷರಿಂದ ಕ್ಯಾಲೆ ಪಟ್ಟಣ ಕಿತ್ತುಕೊಂಡು ರಾತ್ರೋರಾತ್ರಿ ವೀರನಾದ. ಆಗ ನಮ್ಮ ಕಾನ್‌ಸ್ಟೇಬಲ್ ಎಲ್ಲಿದ್ದ? ಸ್ಪೇನಿನವರ ಸೆರೆಯಲ್ಲಿ. ಅದೇ ವರ್ಷ ಗೀಜ್‌ಗಳ ಸೋದರ ಸೊಸೆ, ಸ್ಕಾಟ್ಲೆಂಡಿನ ಮೇರಿ ಸ್ಟುವರ್ಟ್, ಯುವರಾಜನನ್ನು ಮದುವೆಯಾದಳು. 1559ರ ಜುಲೈನಲ್ಲಿ ಎರಡನೇ ಹೆನ್ರಿ ಕುದುರೆ ಮೇಲೆ ಕೂತು ಈಟಿ ಹಿಡಿದು ಕಾದಾಡುವ ಆಟದಲ್ಲಿ ಗಾಯಗೊಂಡು ಸತ್ತ. ಹುಡುಗ ಎರಡನೇ ಫ್ರಾನ್ಸಿಸ್ ರಾಜನಾದ, ಮೇರಿ ರಾಣಿಯಾದಳು, ಆಸ್ಥಾನ ಪೂರ್ತಿ ಗೀಜ್‌ಗಳ ಕೈಗೆ ಹೋಯಿತು. ಅರಮನೆಯ ಗ್ರ್ಯಾಂಡ್ ಮಾಸ್ಟರ್ ಹುದ್ದೆಯನ್ನೂ ಆನ್ ಅವರಿಗೆ ಬಿಟ್ಟುಕೊಡಬೇಕಾಯಿತು.

ಅಂದರೆ ಧರ್ಮದ ಯುದ್ಧ ಶುರುವಾಗೋ ಮೊದಲೇ ಈ ಎರಡು ಮನೆಗಳ ಯುದ್ಧ ಶುರುವಾಗಿತ್ತು. ಮುಂದಿನ ಎಪ್ಪತ್ತು ವರ್ಷದ ತಿರುವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತಿರುವುಗಳಿಗೆ ಇಲ್ಲೇ ಬೇರು ಇದೆ ಅನ್ನೋದು ನನ್ನ ಅಭಿಪ್ರಾಯ.

ಹಾಗಾದರೆ 1561ರಲ್ಲಿ ಅದೇ ಗೀಜ್ ಜೊತೆ ಸೇರಿದ್ದೇಕೆ?

ಒಳ್ಳೇ ಪ್ರಶ್ನೆ. 1560ರ ಡಿಸೆಂಬರ್‌ನಲ್ಲಿ ಎರಡನೇ ಫ್ರಾನ್ಸಿಸ್ ಸತ್ತ. ಹತ್ತು ವರ್ಷದ ಒಂಬತ್ತನೇ ಚಾರ್ಲ್ಸ್ ರಾಜ, ತಾಯಿ ಕ್ಯಾಥರೀನ್ ದ ಮೆಡಿಚಿ ಅಧಿಕಾರ ಹಿಡಿದಳು. ಆಸ್ಥಾನದಲ್ಲಿ ಕೊಲಿನ್ಯಿಯ ಕೈ ಮೇಲಾಯಿತು. 1561ರ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ರಾಜನ ಅರಮನೆಯಲ್ಲೇ ಹೊಸ ಧರ್ಮದ ಪ್ರವಚನಗಳು ನಡೆದವು. ಮುದುಕ ಕಾನ್‌ಸ್ಟೇಬಲ್‌ಗೆ ಇದು ಸಹಿಸೋಕೆ ಆಗಲಿಲ್ಲ. ಹೆಂಡತಿ ಮ್ಯಾಡಲೀನ್ ಅವನಿಗಿಂತ ಕಟ್ಟಾ ಕ್ಯಾಥೊಲಿಕ್, ಅವಳ ಒತ್ತಾಯವೂ ಸೇರಿತು.

ಇದರ ಜೊತೆ ದುಡ್ಡಿನ ವಿಷಯವೂ ಇತ್ತು. ಖಜಾನೆ ಖಾಲಿಯಾಗಿತ್ತು. ಎರಡನೇ ಹೆನ್ರಿ ತನ್ನ ಮೆಚ್ಚಿನವರಿಗೆ ಕೊಟ್ಟ ಉಡುಗೊರೆಗಳ ಲೆಕ್ಕ ಕೇಳಬೇಕು ಅನ್ನೋ ಕೂಗು ಪ್ಯಾರಿಸ್‌ನ ಪ್ರಾಂತೀಯ ಸಭೆಯಲ್ಲಿ ಎದ್ದಿತು. ಆ ಮೆಚ್ಚಿನವರು ಯಾರು? ಗೀಜ್, ಮೊಂಮೊರಾನ್ಸಿ, ಮಾರ್ಷಲ್ ಸೇಂಟ್ ಆಂದ್ರೆ. ಈ ಮೂವರೇ 1561ರ ಈಸ್ಟರ್ ಹೊತ್ತಿಗೆ ಕೈ ಕೈ ಹಿಡಿದು ಒಕ್ಕೂಟ ಮಾಡಿಕೊಂಡರು, ಚರಿತ್ರೆಕಾರರು ಅದನ್ನು ತ್ರಿಮೂರ್ತಿ ಕೂಟ ಅನ್ನುವ ಅರ್ಥದಲ್ಲಿ ಟ್ರಯಮ್ವಿರೇಟ್ ಅಂತ ಕರೆಯುತ್ತಾರೆ. ನಂಬಿಕೆ ಎಷ್ಟು, ಜೇಬು ಎಷ್ಟು ಅಂತ ಬೇರೆ ಮಾಡೋಕೆ ಹೋಗಬೇಡಿ, ಅವನಿಗೂ ಅದು ಬೇರೆ ಬೇರೆಯಾಗಿ ಕಂಡಿರಲಾರದು.

ಸೇರಿದಮೇಲೆ ಅರೆಮನಸ್ಸಿನಿಂದ ಕೆಲಸ ಮಾಡಲಿಲ್ಲ. 1562ರ ವಸಂತದಲ್ಲಿ ಪ್ಯಾರಿಸ್‌ನ ಪ್ರಾಟೆಸ್ಟೆಂಟ್ ಪ್ರಾರ್ಥನಾ ಸ್ಥಳಗಳಿಗೆ ನುಗ್ಗಿ ಬೆಂಚುಗಳನ್ನು ಹೊರಗೆ ಹಾಕಿಸಿ ಸುಡಿಸಿದ. ಹ್ಯೂಗೆನಾಟರು ಅವನಿಗೆ 'ಬೆಂಚು ಸುಡುವ ಕ್ಯಾಪ್ಟನ್' ಅಂತ ಅಡ್ಡಹೆಸರು ಇಟ್ಟರು.

ಮಾವ-ಅಳಿಯಂದಿರು ನಿಜವಾಗಲೂ ಯುದ್ಧಭೂಮಿಯಲ್ಲಿ ಎದುರಾದರಾ?

ಎದುರಾದರು. 1562 ಡಿಸೆಂಬರ್ 19, ದ್ರೂ. ಒಂದು ಕಡೆ ಕಾನ್‌ಸ್ಟೇಬಲ್, ಇನ್ನೊಂದು ಕಡೆ ಕೊಲಿನ್ಯಿ, ದಾಂದ್ಲೊ ಮತ್ತು ಹ್ಯೂಗೆನಾಟರ ನಾಯಕ ಕೊಂದೆ ರಾಜಕುಮಾರ. ಈ ಕೊಂದೆಯೂ ಹೊರಗಿನವನಲ್ಲ. ಅವನ ಹೆಂಡತಿ ಎಲಿಯೊನೋರ್ ದ ರ್ವಾ ಕಾನ್‌ಸ್ಟೇಬಲ್‌ನ ತಂಗಿ ಲೂಯಿಸ್‌ಳ ಮೊಮ್ಮಗಳು.

ಆ ದಿನ ನಡೆದದ್ದು ಕೇಳಿ. ಕಾನ್‌ಸ್ಟೇಬಲ್ ಗಾಯಗೊಂಡು ಹ್ಯೂಗೆನಾಟರ ಕೈಗೆ ಸಿಕ್ಕ. ಅವನ ಮಗ ಗಾಬ್ರಿಯೆಲ್ ಸತ್ತ. ಮಾರ್ಷಲ್ ಸೇಂಟ್ ಆಂದ್ರೆಯೂ ಸತ್ತ. ಆ ಕಡೆ ಕೊಂದೆಯನ್ನು ಸೆರೆ ಹಿಡಿದವನು ಕಾನ್‌ಸ್ಟೇಬಲ್‌ನ ಇನ್ನೊಬ್ಬ ಮಗ, ದಾಂವಿಲ್. ಅಂದರೆ ಎರಡೂ ಕಡೆಯ ಸೇನಾಪತಿಗಳು ಎದುರಾಳಿಯ ಸೆರೆಯಲ್ಲಿ, ಇಬ್ಬರೂ ನೆಂಟರ ಕೈಯಲ್ಲಿ! ಗೆದ್ದವನು ಗೀಜ್ ಒಬ್ಬನೇ.

ಕೊನೆಗೆ ಶಾಂತಿ ಆದದ್ದೂ ಹೀಗೇ. 1563ರ ಫೆಬ್ರವರಿಯಲ್ಲಿ ಗೀಜ್‌ನನ್ನು ಓರ್ಲಿಯಾನ್ ಮುತ್ತಿಗೆಯ ವೇಳೆ ಪೊಲ್ತ್ರೊ ಅನ್ನೋ ಹ್ಯೂಗೆನಾಟ್ ಗುಂಡು ಹಾರಿಸಿ ಕೊಂದ. ಮಾರ್ಚ್‌ನಲ್ಲಿ ಇಬ್ಬರು ಸೆರೆಯಾಳುಗಳನ್ನೂ ಲುವಾರ್ ನದಿಯ ನಡುವಿನ ಒಂದು ದ್ವೀಪಕ್ಕೆ ಕರೆತಂದು ಮಾತಾಡಿಸಿದರು, ಆಂಬ್ವಾಸ್ ಶಾಸನ ಹೊರಬಿತ್ತು. ಗೀಜ್ ಮನೆಯವರು ಕೊಲೆಯ ಹಿಂದೆ ಕೊಲಿನ್ಯಿ ಇದ್ದಾನೆ ಅಂತ ದೂರಿದಾಗ ಅವನ ಪರ ನಿಂತವರು ಯಾರು ಗೊತ್ತಾ? ಕ್ಯಾಥೊಲಿಕ್ ಮೊಂಮೊರಾನ್ಸಿಗಳು. 1565ರ ಜನವರಿಯಲ್ಲಿ ಲೊರೇನ್ ಕಾರ್ಡಿನಲ್, ಅಂದರೆ ಸತ್ತ ಗೀಜ್‌ನ ತಮ್ಮ, ಆಯುಧ ಹಿಡಿದ ಪರಿವಾರದ ಜೊತೆ ಪ್ಯಾರಿಸ್‌ಗೆ ಬಂದಾಗ ಅಲ್ಲಿನ ಗವರ್ನರ್ ಆಗಿದ್ದ ಕಾನ್‌ಸ್ಟೇಬಲ್‌ನ ಹಿರಿಮಗ ಫ್ರಾನ್ಸ್ವಾ ರಸ್ತೆಯಲ್ಲೇ ತಡೆದ. ಹೊಡೆದಾಟವೂ ಆಯಿತು.

ಮುದುಕ ಆನ್ ಸತ್ತದ್ದು ಮಾತ್ರ ಕ್ಯಾಥೊಲಿಕರ ಕಡೆಯಿಂದ ಹೋರಾಡುತ್ತಲೇ. 1567 ನವೆಂಬರ್ 10, ಪ್ಯಾರಿಸ್ ಪಕ್ಕದ ಸೇಂಟ್ ಡೆನಿ. ವಯಸ್ಸು 74. ರಾಬರ್ಟ್ ಸ್ಟುವರ್ಟ್ ಅನ್ನೋ ಸ್ಕಾಟ್ ಸೈನಿಕ ಗುಂಡು ಹಾರಿಸಿದ. ಎರಡು ದಿನ ಬದುಕಿದ್ದ. ಅವನ ಹೃದಯವನ್ನು ಅವನಿಗೆ ತುಂಬ ಪ್ರಿಯನಾದ ಎರಡನೇ ಹೆನ್ರಿಯ ಹೃದಯದ ಜೊತೆಯಲ್ಲೇ ಇಟ್ಟರು.

ಇಷ್ಟು ಕಟ್ಟಾ ಕ್ಯಾಥೊಲಿಕ್, ಆದರೂ ಪ್ರಾಟೆಸ್ಟೆಂಟ್ ಕುಂಬಾರನನ್ನು ಉಳಿಸಿದ ಅಂತಾರಲ್ಲ?

ಬೆರ್ನಾರ್ ಪಾಲಿಸಿ. ಹಾವು, ಕಪ್ಪೆ, ಮೀನು, ಚಿಪ್ಪುಗಳ ಅಚ್ಚು ಇರುವ ಬಣ್ಣದ ಮಣ್ಣಿನ ತಟ್ಟೆಗಳಿಗೆ ಹೆಸರಾದ ಕಲಾವಿದ, ಬಹಿರಂಗವಾಗಿ ಹ್ಯೂಗೆನಾಟ್. ಕಾನ್‌ಸ್ಟೇಬಲ್‌ಗೆ ಒಂದು ಅಲಂಕಾರದ ಗುಹೆ ಮಾಡಿಕೊಡುತ್ತಿದ್ದ. ಮೊದಲ ಯುದ್ಧದ ಹೊತ್ತಿಗೆ ಅವನನ್ನು ಹಿಡಿದು ಜೈಲಿಗೆ ಹಾಕಿದಾಗ ಕಾನ್‌ಸ್ಟೇಬಲ್ ಮಧ್ಯೆ ಬಂದು ಬಿಡಿಸಿದ, ರಾಜನ ಕಲಾವಿದ ಅನ್ನೋ ಪಟ್ಟ ಕೊಡಿಸಿದ. ಬೆಂಚು ಸುಡಿಸಿದ ಕೈಯೇ ಇದನ್ನೂ ಮಾಡಿತು. ಅವನ ಮನೆಯ ಆಳು, ಅವನ ಕುಂಬಾರ, ಅವನ ಅಳಿಯ: ಇವರನ್ನು ಬೇರೆಯವರು ಮುಟ್ಟೋ ಹಾಗಿಲ್ಲ. ಧರ್ಮ ಆಮೇಲೆ.

1572ರ ಸೇಂಟ್ ಬಾರ್ತಲೊಮ್ಯೂ ಹತ್ಯಾಕಾಂಡದಲ್ಲಿ ಈ ಮನೆಯವರು ಏನಾದರು?

ಆಗಸ್ಟ್ 22ರಂದು ಕೊಲಿನ್ಯಿ ಮೇಲೆ ಗುಂಡು ಹಾರಿತು. ಗಾಯವಾಯಿತು, ಸಾಯಲಿಲ್ಲ. 24ರ ಬೆಳಗಿನ ಜಾವ, 1563ರಲ್ಲಿ ಸತ್ತ ಗೀಜ್‌ನ ಮಗ ಹೆನ್ರಿ ದ ಗೀಜ್ ಮುಂದೆ ನಿಂತು ಅವನನ್ನು ಕೊಲ್ಲಿಸಿದ. ದೇಹವನ್ನು ಕಿಟಕಿಯಿಂದ ಕೆಳಗೆ ಎಸೆದರು, ಆಮೇಲೆ ಮೊಂಫೊಕೋನ್ ಗಲ್ಲುಕಂಬದಲ್ಲಿ ತೂಗುಹಾಕಿದರು. ಪ್ಯಾರಿಸ್‌ನಲ್ಲಿ ಸಾವಿರಾರು ಹ್ಯೂಗೆನಾಟರ ಕೊಲೆಯಾಯಿತು.

ಫ್ರಾನ್ಸ್ವಾ ದ ಮೊಂಮೊರಾನ್ಸಿ ಆಗ ಊರಲ್ಲಿರಲಿಲ್ಲ, ಶಾಂತಿಯಿಗೆ ಹೋಗಿದ್ದ. ಅವನ ತಮ್ಮಂದಿರು ಪ್ಯಾರಿಸ್‌ನಲ್ಲೇ ಇದ್ದರು. ಅವರ ಹೆಸರೂ ಕೊಲ್ಲಬೇಕಾದವರ ಪಟ್ಟಿಗೆ ಬರುವುದರಲ್ಲಿತ್ತು, ಅಣ್ಣ ಹೊರಗಿದ್ದಾನೆ, ಸೇಡು ತೀರಿಸಿಕೊಳ್ಳುತ್ತಾನೆ ಅನ್ನೋ ಭಯಕ್ಕೆ ಬಿಟ್ಟರು ಅನ್ನೋ ಮಾತು ಆಗಿನಿಂದಲೂ ಇದೆ. ಕೊಲಿನ್ಯಿಯ ದೇಹವನ್ನು ಗುಟ್ಟಾಗಿ ಇಳಿಸಿ ಶಾಂತಿಯಿಗೆ ತರಿಸಿದವನು ಫ್ರಾನ್ಸ್ವಾನೇ ಅಂತಲೂ ಹೇಳುತ್ತಾರೆ.

ಆವತ್ತಿನಿಂದ ಮನೆಯವರ ಲೆಕ್ಕಾಚಾರ ಬದಲಾಯಿತು. ಹ್ಯೂಗೆನಾಟ್ ನೆಂಟರನ್ನು ಮುಗಿಸಿದವರು ನಾಳೆ ಕ್ಯಾಥೊಲಿಕ್ ಆದ ನಮ್ಮನ್ನೂ ಬಿಡಲ್ಲ ಅಂತ ಅವರಿಗೆ ಅರ್ಥವಾಯಿತು.

ದಾಂವಿಲ್ ಹ್ಯೂಗೆನಾಟರ ಜೊತೆ ಸೇರಿದ್ದು ಹೇಗೆ? ಕೊಂದೆಯನ್ನು ಹಿಡಿದವನು ಅವನೇ ಅಲ್ವಾ?

ಅವನೇ. ಹೆಸರು ಹೆನ್ರಿ, ಕಾನ್‌ಸ್ಟೇಬಲ್‌ನ ಎರಡನೇ ಮಗ, 1534ರಲ್ಲಿ ಹುಟ್ಟಿದವನು. 1563ರಿಂದ ದಕ್ಷಿಣದ ಲಾಂಗ್‌ದೊಕ್ ಪ್ರಾಂತ್ಯದ ಗವರ್ನರ್. ಮೊದಮೊದಲು ಅಲ್ಲಿನ ಹ್ಯೂಗೆನಾಟರಿಗೆ ಅವನು ಸಿಂಹಸ್ವಪ್ನ. 1573ರಲ್ಲಿ ಸೊಮಿಯೇರ್ ಅನ್ನೋ ಸಣ್ಣ ಊರಿಗೆ ವಾರಗಟ್ಟಲೆ ಮುತ್ತಿಗೆ ಹಾಕಿ, ತುಂಬ ಜನರನ್ನು ಕಳೆದುಕೊಂಡು, ಕೊನೆಗೆ ಗೆದ್ದ. ಅಲ್ಲಿ ಅವನ ಭಾವನೇ ಸತ್ತ.

ಲಾಂಗ್‌ದೊಕ್ ಹೇಗಿತ್ತು ಅನ್ನೋದನ್ನು ಸ್ವಲ್ಪ ನೋಡಬೇಕು. ಪಶ್ಚಿಮಕ್ಕೆ ಟುಲೂಸ್, ಕಟ್ಟಾ ಕ್ಯಾಥೊಲಿಕ್ ಊರು, ಅಲ್ಲಿನ ನ್ಯಾಯಸಭೆ ಇನ್ನೂ ಕಟ್ಟಾ. ಪೂರ್ವಕ್ಕೆ ನೀಮ್, ಮಾಂಪೆಲಿಯೆ, ಉಜೆಸ್, ಹಿಂದೆ ಸೆವೆನ್ ಅನ್ನೋ ಹೆಸರಿನ ಬೆಟ್ಟಸಾಲು, ಇಲ್ಲೆಲ್ಲ ಹ್ಯೂಗೆನಾಟರ ಜೋರು. ಅವರು ತಮ್ಮದೇ ಸಭೆ ಸೇರಿಸುತ್ತಿದ್ದರು, ತಮ್ಮದೇ ತೆರಿಗೆ ಎತ್ತುತ್ತಿದ್ದರು, ತಮ್ಮದೇ ಸೈನ್ಯ ಇಟ್ಟುಕೊಂಡಿದ್ದರು. ಏಗ್‌ಮೊರ್ತ್ ಹತ್ತಿರದ ಪೆಕೇ ಉಪ್ಪಿನ ಗದ್ದೆಗಳು ಯಾರ ಕೈಯಲ್ಲಿವೆಯೋ ಅವರಿಗೆ ದುಡ್ಡು. ಪ್ಯಾರಿಸ್ ದೂರ. ಇಂಥ ಕಡೆ ಗವರ್ನರ್ ಆದವನು ಇಬ್ಬರಲ್ಲಿ ಒಬ್ಬರನ್ನು ಪೂರ್ತಿ ಮುಗಿಸೋಕೆ ಸಾಧ್ಯವೇ ಇಲ್ಲ, ಸೊಮಿಯೇರ್‌ನಲ್ಲಿ ದಾಂವಿಲ್ ಕಲಿತದ್ದು ಇದನ್ನೇ ಅಂತ ನನಗನ್ನಿಸುತ್ತದೆ.

ಕೊನೇ ತಳ್ಳು ಬಂದದ್ದು ಆಸ್ಥಾನದಿಂದ. 1574ರ ವಸಂತದಲ್ಲಿ ರಾಜನ ತಮ್ಮ ಆಲಾಂಸೋನ್ ಸುತ್ತ ಒಂದು ಪಿತೂರಿ ಬಯಲಾಯಿತು. ಮೇ ತಿಂಗಳಲ್ಲಿ ಫ್ರಾನ್ಸ್ವಾ ದ ಮೊಂಮೊರಾನ್ಸಿಯನ್ನು ಬಾಸ್ಟಿಲ್‌ಗೆ ಹಾಕಿದರು. ತಮ್ಮಂದಿರಾದ ತೋರೆ ಮತ್ತು ಮೇರ್ಯು ಪರಾರಿ. ದಾಂವಿಲ್‌ನನ್ನು ಗವರ್ನರ್ ಹುದ್ದೆಯಿಂದ ಕಿತ್ತುಹಾಕುವ ಆಜ್ಞೆ ಬಂತು, ಅವನು ಕದಲಲಿಲ್ಲ. ಅಷ್ಟರಲ್ಲಿ ಒಂಬತ್ತನೇ ಚಾರ್ಲ್ಸ್ ಸತ್ತ. ಪೋಲೆಂಡಿನಿಂದ ವಾಪಸ್ ಬರುತ್ತಿದ್ದ ಹೊಸ ರಾಜ ಮೂರನೇ ಹೆನ್ರಿಯನ್ನು ದಾಂವಿಲ್ ಟ್ಯೂರಿನ್‌ನಲ್ಲಿ ಭೇಟಿಯಾದ. ನಂಬಿಕೆ ಹುಟ್ಟಲಿಲ್ಲ. ನವೆಂಬರ್‌ನಲ್ಲಿ ಮಾಂಪೆಲಿಯೆಯಲ್ಲಿ ಒಂದು ಘೋಷಣೆ ಹೊರಡಿಸಿದ: ರಾಜ್ಯವನ್ನು ವಿದೇಶಿಯರು ಹಾಳುಮಾಡುತ್ತಿದ್ದಾರೆ, ಮಹಾಸಭೆ ಕರೆಯಬೇಕು, ಎರಡೂ ಧರ್ಮದವರು ಬದುಕುವಂತಾಗಬೇಕು. ವಿದೇಶಿಯರು ಅಂದರೆ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. 1575ರ ಶುರುವಿನಲ್ಲಿ ನೀಮ್‌ನಲ್ಲಿ ಹ್ಯೂಗೆನಾಟರೂ ಅವನ ಕಡೆಯ ಕ್ಯಾಥೊಲಿಕರೂ ಕೂತು ಒಕ್ಕೂಟ ಮಾಡಿಕೊಂಡರು.

ಇವನು ಕ್ಯಾಥೊಲಿಕ್ ಆಗೇ ಉಳಿದ. ಒಪ್ಪಂದದ ಬಲ ಇದ್ದದ್ದೇ ಅಲ್ಲಿ. ಅಣ್ಣ ಬಾಸ್ಟಿಲ್‌ನಲ್ಲಿ ಜೀವಂತ ಉಳಿದದ್ದೂ ತಮ್ಮ ಹೊರಗೆ ಸೈನ್ಯ ಕಟ್ಟಿಕೊಂಡು ಕೂತಿದ್ದರಿಂದ. 1575ರಲ್ಲಿ ದಾಂವಿಲ್ ಸತ್ತ ಅನ್ನೋ ಸುಳ್ಳು ಸುದ್ದಿ ಪ್ಯಾರಿಸ್‌ಗೆ ಬಂದಾಗ ಫ್ರಾನ್ಸ್ವಾನ ಕುತ್ತಿಗೆ ಹಿಸುಕುವ ಮಾತು ನಡೆದಿತ್ತಂತೆ. ಸುದ್ದಿ ಸುಳ್ಳು ಅಂತ ಗೊತ್ತಾಯಿತು, ಅವನು ಉಳಿದ, ಆ ವರ್ಷ ಅಕ್ಟೋಬರ್‌ನಲ್ಲಿ ಬಿಡುಗಡೆಯೂ ಆಯಿತು.

ಮತ್ತೆ 1577ರಲ್ಲಿ ರಾಜನ ಕಡೆ ಜಿಗಿದದ್ದು ಯಾಕೆ?

1576ರ ಬೋಲ್ಯೂ ಶಾಸನದಿಂದ ಅವನಿಗೆ ಬೇಕಾದದ್ದು ಸಿಕ್ಕಿತ್ತು, ಹುದ್ದೆ ಭದ್ರವಾಯಿತು. ಹ್ಯೂಗೆನಾಟ್ ಊರುಗಳಿಗೆ ಅವನ ಮೇಲೆ ಸಂಶಯ, ಅವನಿಗೆ ಅವರ ಸಭೆಗಳ ಕಿರಿಕಿರಿ. ಪ್ರತಿಯೊಂದಕ್ಕೂ ಚರ್ಚೆ, ಪ್ರತಿಯೊಂದಕ್ಕೂ ಲೆಕ್ಕ. ಗವರ್ನರ್ ಗತ್ತಿನವನಿಗೆ ಇದು ಒಗ್ಗಲಿಲ್ಲ. ಹೆಂಡತಿ ಆಂತ್ವಾನೆತ್ ದ ಲಾ ಮಾರ್ಕ್, ಎರಡನೇ ಹೆನ್ರಿಯ ಪ್ರೇಯಸಿ ದಿಯಾನ್ ದ ಪ್ವಾತಿಯೆಯ ಮೊಮ್ಮಗಳು, ಗಟ್ಟಿ ಕ್ಯಾಥೊಲಿಕ್. ಅವಳೂ ಒತ್ತಿ ಹೇಳಿದಳು, ರಾಜನೂ ಆಸೆ ತೋರಿಸಿದ. ಬದಲಾದ.

ಮಾಂಪೆಲಿಯೆಗೆ ಮುತ್ತಿಗೆ ಹಾಕಿದ. ಊರನ್ನು ಕಾಯುತ್ತಿದ್ದವನು ಫ್ರಾನ್ಸ್ವಾ ದ ಶಾತಿಯೋನ್, ಕೊಲಿನ್ಯಿಯ ಮಗ. ಅಪ್ಪಂದಿರ ಜಗಳ ಮಕ್ಕಳಿಗೂ ಬಂತು. ದೊಡ್ಡ ಕಾಳಗ ಆಗೋ ಹೊತ್ತಿಗೆ ಸರಿಯಾಗಿ ಬೆರ್ಜೆರಾಕ್ ಒಪ್ಪಂದದ ಸುದ್ದಿ ಬಂದು ಎರಡೂ ಕಡೆಯವರು ಕೈ ಇಳಿಸಿದರು.

ಆಮೇಲೆ?

1579ರಲ್ಲಿ ಅಣ್ಣ ಫ್ರಾನ್ಸ್ವಾ ಸತ್ತ, ದಾಂವಿಲ್ ಮೊಂಮೊರಾನ್ಸಿ ಡ್ಯೂಕ್ ಆದ. 1585ರಲ್ಲಿ ಗೀಜ್‌ಗಳ ಕ್ಯಾಥೊಲಿಕ್ ಲೀಗ್ ರಾಜನನ್ನು ಬಗ್ಗಿಸಿ ಹ್ಯೂಗೆನಾಟರ ಹಕ್ಕುಗಳನ್ನು ಕಿತ್ತುಕೊಳ್ಳುವ ನೆಮೂರ್ ಒಪ್ಪಂದ ಮಾಡಿಸಿತು. ಗೀಜ್‌ಗಳು ಮೇಲೆ ಬಂದರು ಅಂದರೆ ಮೊಂಮೊರಾನ್ಸಿ ಎಲ್ಲಿಗೆ ಹೋಗುತ್ತಾನೆ ಅಂತ ನೀವೇ ಊಹಿಸಬಹುದು. ಮತ್ತೆ ಹ್ಯೂಗೆನಾಟರ ಕಡೆ, ಈ ಸಲ ಅವರ ನಾಯಕನೂ ಫ್ರಾನ್ಸಿನ ಪಟ್ಟಕ್ಕೆ ಮುಂದಿನ ಹಕ್ಕುದಾರನೂ ಆದ ನವಾರ್‌ನ ಹೆನ್ರಿ ಜೊತೆ. ಪ್ರಾಂತ್ಯದೊಳಗೆ ಲೀಗ್ ಪರ ಇದ್ದ ಜ್ವಾಯೂಸ್ ಮನೆತನದ ಜೊತೆ ವರ್ಷಗಟ್ಟಲೆ ಕಾದಾಡಿದ.

ಈ ಸಲದ ಆಯ್ಕೆ ಗೆದ್ದಿತು. 1589ರಲ್ಲಿ ಮೂರನೇ ಹೆನ್ರಿಯ ಕೊಲೆಯಾದಾಗ ನವಾರ್‌ನ ಹೆನ್ರಿಯೇ ನಾಲ್ಕನೇ ಹೆನ್ರಿ ಆದ. 1593ರಲ್ಲಿ ಅವನು ಕ್ಯಾಥೊಲಿಕ್ ಆದ, ಅದೇ ಡಿಸೆಂಬರ್‌ನಲ್ಲಿ ಮೊಂಮೊರಾನ್ಸಿಯನ್ನು ಕಾನ್‌ಸ್ಟೇಬಲ್ ಮಾಡಿದ. ಅಪ್ಪನ ಹುದ್ದೆ ಮಗನಿಗೆ ಬಂತು, ದಾರಿ ಮಾತ್ರ ಪೂರ್ತಿ ಉಲ್ಟಾ. ಈ ಕಾನ್‌ಸ್ಟೇಬಲ್‌ಗೆ ಓದು ಬರಹ ಅಷ್ಟಕ್ಕಷ್ಟೇ ಅಂತ ರಾಜ ಗೇಲಿ ಮಾಡುತ್ತಿದ್ದನಂತೆ. 1614ರಲ್ಲಿ ಸತ್ತ, ಕೊನೆಗೆ ಕಪುಚಿನ್ ಸನ್ಯಾಸಿಗಳ ಉಡುಪಿನಲ್ಲಿ ಮಣ್ಣು ಮಾಡಿಸಿಕೊಂಡ.

ಇದೆಲ್ಲ ಸುಮ್ನೆ ಅವಕಾಶವಾದ ಅಲ್ವಾ?

ಹಾಗೆ ಹೇಳುವವರಿದ್ದಾರೆ. ನಾನು ಪೂರ್ತಿ ಒಪ್ಪಲ್ಲ. ಅವಕಾಶವಾದಿಗೆ ಒಂದು ನಿಲುವೂ ಇರಲ್ಲ, ಇವರಿಗೆ ಎರಡು ಇದ್ದವು. ಒಂದು, ಗೀಜ್‌ಗಳ ಕೈ ಕೆಳಗೆ ಬದುಕಲ್ಲ. ಎರಡು, ನಮ್ಮ ಹುದ್ದೆ, ನಮ್ಮ ಪ್ರಾಂತ್ಯ, ನಮ್ಮ ನೆಂಟರು ನಮ್ಮವರು. 1561ರ ತ್ರಿಮೂರ್ತಿ ಕೂಟ ಒಂದೇ ಮೊದಲನೆಯದಕ್ಕೆ ಹೊರತಾದದ್ದು, ಅದೂ ಒಳಗೊಳಗೆ ಹಳಸಿಯೇ ಇತ್ತು. ದಾಂವಿಲ್ ಮೂರು ಸಲ ಪಕ್ಷ ಬದಲಿಸಿದ, ಧರ್ಮ ಬದಲಿಸಲಿಲ್ಲ. ಸೋದರತ್ತೆ ಮಕ್ಕಳು ಧರ್ಮ ಬದಲಿಸಿದರು, ಆಮೇಲೆ ಪಕ್ಷ ಬದಲಿಸಲಿಲ್ಲ, ಅದಕ್ಕೆ ಪ್ರಾಣ ತೆತ್ತರು. ಗೌರವ ಜಾಸ್ತಿ ಯಾರ ಮೇಲೆ ಅಂದರೆ ಕೊಲಿನ್ಯಿ ಮೇಲೆ. ಆದರೆ ಎರಡು ಧರ್ಮದವರು ಒಂದೇ ಆಡಳಿತದಲ್ಲಿ ಇರಬಹುದು ಅನ್ನೋದನ್ನು ಕೆಲವು ವರ್ಷವಾದರೂ ನಡೆಸಿ ತೋರಿಸಿದವನು ದಾಂವಿಲ್. ಅವನ ಉದ್ದೇಶ ಅಷ್ಟು ಶುದ್ಧ ಇರಲಿಲ್ಲ, ಆದರೂ ನಡೆಸಿದ. ಪ್ಯಾರಿಸ್‌ನಲ್ಲಿ ಇಂಥವರನ್ನು ಪೊಲಿತೀಕ್‌ಗಳು ಅಂತ ಬೈಯುತ್ತಿದ್ದರು, ಅಂದರೆ ರಾಜ್ಯದ ನೆಮ್ಮದಿಗಾಗಿ ಧರ್ಮವನ್ನು ಹಿಂದೆ ಇಡುವವರು.

ಹೆಂಗಸರ ಪಾತ್ರ ಇರಲಿಲ್ವಾ?

ತುಂಬ ಇತ್ತು, ನಿಜ ಹೇಳಬೇಕೆಂದರೆ ಮನೆ ಎರಡಾದದ್ದೇ ಹೆಂಗಸರಿಂದ. ತಂಗಿ ಲೂಯಿಸ್‌ಗೆ ಹೊಸ ಧರ್ಮದ ಕಡೆ ಒಲವಿತ್ತು, ಅದು ಮಕ್ಕಳಿಗೂ ಬಂತು, ಮೊದಲ ಮದುವೆಯ ಮಗಳು ಮ್ಯಾಡಲೀನ್ ದ ಮಾಯಿಗೂ ಬಂತು, ಅವಳ ಮಗಳು ಎಲಿಯೊನೋರ್ ಮೂಲಕ ಕೊಂದೆಯ ಮನೆಗೂ ಹೋಯಿತು. ಈ ಕಡೆ ಹೆಂಡತಿ ಮ್ಯಾಡಲೀನ್ ದ ಸಾವ್ವಾ, ಹನ್ನೆರಡು ಮಕ್ಕಳ ತಾಯಿ, ಕ್ಯಾಥೊಲಿಕ್ ಧರ್ಮವನ್ನು ಗಟ್ಟಿಯಾಗಿ ಹಿಡಿದವಳು. ಹಿರಿಸೊಸೆ ದಿಯಾನ್ ದ ಫ್ರಾನ್ಸ್, ಎರಡನೇ ಹೆನ್ರಿಯ ಮಗಳು, ಗಂಡ ಸತ್ತಮೇಲೂ ರಾಜಕೀಯ ಬಿಡಲಿಲ್ಲ. ಮೂರನೇ ಹೆನ್ರಿ ಮತ್ತು ನವಾರ್‌ನ ಹೆನ್ರಿ ಕೊನೆಗೆ ಕೈಕುಲುಕುವಂತೆ ಮಾಡಿದವರಲ್ಲಿ ಅವಳೂ ಒಬ್ಬಳು.

ಕೊಲಿನ್ಯಿ ಕಡೆಯವರು ಏನಾದರು?

ದಾಂದ್ಲೊ 1569ರಲ್ಲಿ ಸತ್ತ. ಓದೆ ಇಂಗ್ಲೆಂಡಿಗೆ ಓಡಿಹೋಗಿ 1571ರಲ್ಲಿ ಕ್ಯಾಂಟರ್ಬರಿಯಲ್ಲಿ ಸತ್ತ. ಅಡ್ಮಿರಲ್‌ನ ಮಗಳು ಲೂಯಿಸ್ 1572ರಲ್ಲಿ ಅಪ್ಪನನ್ನೂ ಗಂಡನನ್ನೂ ಒಂದೇ ದಿನ ಕಳೆದುಕೊಂಡಳು, 1583ರಲ್ಲಿ ಡಚ್ಚರ ನಾಯಕ ಆರೆಂಜ್‌ನ ವಿಲಿಯಂನನ್ನು ಮದುವೆಯಾದಳು, ಮರುವರ್ಷ ಅವನ ಕೊಲೆಯೂ ಆಯಿತು. ಇಂಗ್ಲೆಂಡಿನ ರಾಜ ಮೂರನೇ ವಿಲಿಯಂ ಅವಳ ಮರಿಮಗ. ಅಡ್ಮಿರಲ್‌ನ ಮೊಮ್ಮಗ ಇನ್ನೊಬ್ಬ ಗಾಸ್ಪಾರ್, ಹ್ಯೂಗೆನಾಟ್ ಆಗಿದ್ದುಕೊಂಡೇ ರಾಜನ ಜೊತೆ ರಾಜಿ ಮಾಡಿಕೊಂಡು 1622ರಲ್ಲಿ ಮಾರ್ಷಲ್ ಆದ.

ಮೊಂಮೊರಾನ್ಸಿಗಳ ಕಥೆ ಮುಗಿದದ್ದು ಹೇಗೆ?

ಟುಲೂಸ್‌ನಲ್ಲಿ, ಕೊಡಲಿ ಏಟಿನಿಂದ ಅನ್ನಬಹುದು.

ದಾಂವಿಲ್‌ನ ಮಗ ಇನ್ನೊಬ್ಬ ಹೆನ್ರಿ, 1595ರಲ್ಲಿ ಹುಟ್ಟಿದವನು, ನಾಲ್ಕನೇ ಹೆನ್ರಿಯೇ ಅವನ ಧರ್ಮಪಿತ. ಚೆಂದದ ಹುಡುಗ, ಧೈರ್ಯವಂತ, ಕೈ ಬಿಚ್ಚಿ ಖರ್ಚು ಮಾಡುವವನು. ಅಪ್ಪನ ಲಾಂಗ್‌ದೊಕ್ ಅವನಿಗೆ ಬಂತು. 1620ರ ದಶಕದಲ್ಲಿ ಹದಿಮೂರನೇ ಲೂಯಿ ಹ್ಯೂಗೆನಾಟರ ಮೇಲೆ ಮತ್ತೆ ದಂಡೆತ್ತಿದಾಗ ಇವನು ರಾಜನ ಪರ ಹೋರಾಡಿದ, 1625ರಲ್ಲಿ ರೇ ದ್ವೀಪದ ಹತ್ತಿರ ಸಮುದ್ರದಲ್ಲಿ ಅವರನ್ನು ಸೋಲಿಸಿದ. ಅಪ್ಪ ಯಾರ ಬೆನ್ನ ಮೇಲೆ ನಿಂತು ಎತ್ತರಕ್ಕೆ ಹೋದನೋ ಅವರ ಬೆನ್ನು ಮುರಿಯೋ ಕೆಲಸ ಮಗ ಮಾಡಿದ. 1630ರಲ್ಲಿ ಮಾರ್ಷಲ್ ಪಟ್ಟವೂ ಸಿಕ್ಕಿತು.

ಆದರೆ ಪ್ರಧಾನಿ ರಿಶೆಲ್ಯೂ ಪ್ರಾಂತ್ಯಗಳ ಹಕ್ಕುಗಳಿಗೆ ಕೈ ಹಾಕಿದ್ದ, ತೆರಿಗೆ ವಸೂಲಿಯನ್ನು ಪ್ರಾಂತೀಯ ಸಭೆಯ ಕೈಯಿಂದ ತಪ್ಪಿಸಲು ನೋಡಿದ. 1632ರಲ್ಲಿ ರಾಜನ ತಮ್ಮ ಗಾಸ್ತೋನ್ ದಂಗೆ ಎದ್ದಾಗ ಮೊಂಮೊರಾನ್ಸಿ ಅವನ ಜೊತೆ ಸೇರಿದ. ಹ್ಯೂಗೆನಾಟ್ ಊರುಗಳು ಬರುತ್ತವೆಯೇ ಅಂತ ನೋಡಿದ. ಬರಲಿಲ್ಲ. ಮೂರು ವರ್ಷದ ಹಿಂದಷ್ಟೇ ತಮ್ಮ ಮೇಲೆ ಯುದ್ಧ ಮಾಡಿದವನಿಗಾಗಿ ಅವರೇಕೆ ಸಾಯಬೇಕು? ನೀಮ್, ಮಾಂಪೆಲಿಯೆ ರಾಜನ ಕಡೆಯೇ ಉಳಿದವು. ಸೆಪ್ಟೆಂಬರ್ 1ರಂದು ಕಾಸ್ತೆಲ್ನೊದಾರಿಯಲ್ಲಿ ಕಾಳಗ, ಮೈತುಂಬ ಗಾಯದೊಂದಿಗೆ ಸೆರೆ ಸಿಕ್ಕ. ಯಾರು ಯಾರೋ ಬೇಡಿಕೊಂಡರೂ ರಾಜ ಬಗ್ಗಲಿಲ್ಲ. ಅಕ್ಟೋಬರ್ 30ರಂದು ಟುಲೂಸ್‌ನ ಕ್ಯಾಪಿಟೋಲ್ ಅಂಗಳದಲ್ಲಿ ತಲೆ ಕಡಿದರು. ಮಕ್ಕಳಿರಲಿಲ್ಲ, ಹಿರಿಯ ಶಾಖೆ ಅಲ್ಲಿಗೆ ನಿಂತಿತು.

ಆಸ್ತಿ ಆಮೇಲೆ ಅಕ್ಕ ಶಾರ್ಲೊತ್‌ಗೆ ಹೋಯಿತು. ಅವಳ ಗಂಡ ಆ ಹೊತ್ತಿನ ಕೊಂದೆ ರಾಜಕುಮಾರ. ದ್ರೂನಲ್ಲಿ ಅವಳಪ್ಪ ಸೆರೆಹಿಡಿದವನ ಮೊಮ್ಮಗ.

ಇವತ್ತು ಹೋಗಿ ನೋಡೋಕೆ ಏನಿದೆ?

ಪ್ಯಾರಿಸ್‌ನಿಂದ ಒಂದೇ ದಿನದಲ್ಲಿ ಎರಡು ಕಡೆ ಹೋಗಿ ಬರಬಹುದು. ಎಕ್ವಾಂ ಅರಮನೆ ಆನ್ ಕಟ್ಟಿಸಿದ್ದು, ಈಗ ಅದು ನವೋದಯ ಕಾಲದ ರಾಷ್ಟ್ರೀಯ ಮ್ಯೂಸಿಯಂ. ಶಾಂತಿಯಿಯಲ್ಲಿ ದೊಡ್ಡ ಅರಮನೆ ಹತ್ತೊಂಬತ್ತನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು, ಪಕ್ಕದ ಚಿಕ್ಕದು ಮಾತ್ರ ಆನ್ ಕಾಲದ್ದೇ. ದಕ್ಷಿಣಕ್ಕೆ ಹೋದರೆ ಟುಲೂಸ್‌ನ ಕ್ಯಾಪಿಟೋಲ್ ಅಂಗಳದ ನೆಲದಲ್ಲಿ ತಲೆ ಕಡಿದ ಜಾಗಕ್ಕೆ ಗುರುತಿನ ಫಲಕ ಇದೆ. ಪ್ಯಾರಿಸ್‌ನಲ್ಲಿ ಲೂವ್ರ್ ಪಕ್ಕದ ರಿವೋಲಿ ರಸ್ತೆಯಲ್ಲಿ ಕೊಲಿನ್ಯಿಯ ಪ್ರತಿಮೆ ಸಿಗುತ್ತದೆ. ಸಮಯ ಕಡಿಮೆ ಇದ್ದರೆ ಎಕ್ವಾಂಗೆ ಹೋಗಿ, ಶಾಂತಿಯಿಯಲ್ಲಿ ಇರುವಷ್ಟು ಜನಜಂಗುಳಿ ಅಲ್ಲಿ ಇರಲ್ಲ.